ನೆತ್ತಿಗೆ ಹಚ್ಚಲು ಬೆರೆಸಿಕೊಡುವ ಔಷಧ: ಬಾಟಲಿಯೊಳಗೆ ಏನಿರುತ್ತದೆ, ಹಚ್ಚಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ?

2025ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಗಂಡಸರ ಕೂದಲುದುರುವಿಕೆಗೆ ಬಳಸುವ ಒಂದು ಬಗೆಯ ಔಷಧದ ಕುರಿತು ಎಚ್ಚರಿಕೆ ಹೊರಡಿಸಿತು. ಅದು ಕಾರ್ಖಾನೆಯಲ್ಲಿ ತಯಾರಾಗಿ ಅಂಗಡಿಗೆ ಬರುವ ಸಿದ್ಧ ಔಷಧವಲ್ಲ. ವೈದ್ಯರು ಬರೆದ ಚೀಟಿಯಂತೆ ಫಾರ್ಮಸಿಯವರು ಫಿನಾಸ್ಟರೈಡ್ ಎಂಬ ಅಂಶವನ್ನು ಬೇರೆ ಅಂಶಗಳೊಂದಿಗೆ ಬೆರೆಸಿ, ಬಾಟಲಿಯ ಮೇಲೆ ರೋಗಿಯ ಹೆಸರು ಅಂಟಿಸಿ ಕಳುಹಿಸುವ, ನೆತ್ತಿಗೆ ಹಚ್ಚುವ ದ್ರಾವಣ. 2019ರಿಂದ 2024ರ ನಡುವೆ ಸಂಸ್ಥೆಗೆ ತಲುಪಿದ 32 ವರದಿಗಳಲ್ಲಿ ಲೈಂಗಿಕ ಆಸಕ್ತಿ ಕುಗ್ಗುವುದು, ನಿಮಿರುವಿಕೆಯ ತೊಂದರೆ, ಆತಂಕ, ಖಿನ್ನತೆ, ನಿದ್ರೆ ಬಾರದಿರುವುದು, ಆತ್ಮಹತ್ಯೆಯ ಆಲೋಚನೆ ಮುಂತಾದವುಗಳ ಉಲ್ಲೇಖವಿತ್ತು. ಔಷಧ ನಿಲ್ಲಿಸಿದ ಮೇಲೂ ತೊಂದರೆ ಮುಂದುವರಿಯಿತೆಂದು ಹೇಳಿದವರಿದ್ದರು. ಹಚ್ಚುವ ಔಷಧವಾದ್ದರಿಂದ ಅಡ್ಡಪರಿಣಾಮಗಳ ಭಯವಿಲ್ಲ ಎಂದು ನಂಬಿಕೊಂಡಿದ್ದವರೂ ಅವರಲ್ಲಿ ಇದ್ದರು.

ಅಮೆರಿಕದಲ್ಲಿ ಈ ಔಷಧಗಳು ಬಹುಪಾಲು ಆನ್‌ಲೈನ್ ಮೂಲಕವೇ ಮನೆಗೆ ಬರುತ್ತವೆ. ಪ್ರಶ್ನಾವಳಿಯೊಂದನ್ನು ತುಂಬಿ, ನೆತ್ತಿಯ ಮತ್ತು ಹಣೆಯ ಫೋಟೋಗಳನ್ನು ಕಳುಹಿಸಿದರೆ ವೈದ್ಯರೊಬ್ಬರು ಅವನ್ನು ನೋಡಿ ಚೀಟಿ ಬರೆಯುತ್ತಾರೆ, ಕೆಲವೇ ದಿನಗಳಲ್ಲಿ ಪೊಟ್ಟಣ ಬಾಗಿಲಿಗೆ ತಲುಪುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ದಾರಿ ತೆರೆದೇ ಇದೆ. ಬಹುತೇಕ ಅದೇ ಅಂಶಗಳಿರುವ ಸಿದ್ಧ ಬಾಟಲಿಗಳು ಭಾರತದ ಔಷಧ ಅಂಗಡಿಗಳಲ್ಲೂ ಇವೆ. ಈ ಬೆರಕೆಯ ಒಳಗೇನಿದೆ, ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಚ್ಚರ ಬೇಕು ಎಂಬುದನ್ನು ಬುಡದಿಂದಲೇ ನೋಡೋಣ.

ಉದುರುವುದು ಬೇರೆ, ಕುಗ್ಗುವುದು ಬೇರೆ

ನಮ್ಮ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ, ಅವುಗಳಲ್ಲಿ ದಿನಕ್ಕೆ 50ರಿಂದ 100 ಉದುರುವುದು ಸಹಜ. ಪ್ರತಿ ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಎರಡು ಮೂರು ವಾರಗಳಲ್ಲಿ ಬೆಳವಣಿಗೆ ನಿಲ್ಲಿಸಿ, ಮತ್ತೆ ಸುಮಾರು ಮೂರು ತಿಂಗಳು ಸುಮ್ಮನಿದ್ದು ಬೀಳುತ್ತದೆ. ಅದೇ ಬುಡದಿಂದ ಹೊಸದು ಹುಟ್ಟುತ್ತದೆ. ಡೆಂಗಿ, ಟೈಫಾಯ್ಡ್‌ನಂಥ ಜ್ವರ ಬಂದುಹೋದ ಎರಡು ಮೂರು ತಿಂಗಳಿಗೆ ಬಾಚಣಿಗೆಯ ತುಂಬ ಕೂದಲು ಬರುವುದಕ್ಕೆ ಕಾರಣ ಈ ಚಕ್ರವೇ: ಬೆಳೆಯುತ್ತಿದ್ದ ಬಹಳಷ್ಟು ಕೂದಲುಗಳು ಒಟ್ಟಿಗೆ ವಿಶ್ರಾಂತಿಯ ಹಂತಕ್ಕೆ ಹೋಗಿ, ಒಟ್ಟಿಗೆ ಉದುರಿರುತ್ತವೆ. ಅದು ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ.

ಗಂಡಸರ ಬೋಳುತನದಲ್ಲಿ ನಡೆಯುವುದು ಇದಲ್ಲ. ಅಲ್ಲಿ ಹಣೆಯ ಇಕ್ಕೆಲಗಳಲ್ಲಿ ಮತ್ತು ನೆತ್ತಿಯಲ್ಲಿ ಕೂದಲಿನ ಬುಡಗಳು ಚಕ್ರದಿಂದ ಚಕ್ರಕ್ಕೆ ಕುಗ್ಗುತ್ತವೆ. ಬೆಳೆಯುವ ಅವಧಿ ವರ್ಷಗಳಿಂದ ತಿಂಗಳುಗಳಿಗೆ ಇಳಿಯುತ್ತದೆ. ದಪ್ಪನೆಯ ಕಪ್ಪು ಕೂದಲಿನ ಜಾಗದಲ್ಲಿ ತೆಳುವಾದ, ಬಣ್ಣವಿಲ್ಲದ ನವಿರು ರೋಮ ಉಳಿಯುತ್ತದೆ. ಕಿವಿಗಳ ಮೇಲಿನ ಮತ್ತು ಹಿಂದಲೆಯ ಕೂದಲಿಗೆ ಈ ಕುಗ್ಗುವಿಕೆ ಅಷ್ಟಾಗಿ ತಟ್ಟುವುದಿಲ್ಲ. ಇದರ ಹಂತಗಳನ್ನು ಏಳಾಗಿ ವಿಂಗಡಿಸುವ, ಇಂದಿಗೂ ವೈದ್ಯರು ಬಳಸುವ ಅಳತೆಯನ್ನು ಜೇಮ್ಸ್ ಹ್ಯಾಮಿಲ್ಟನ್ 1951ರಲ್ಲಿ ರೂಪಿಸಿದ್ದನ್ನು ಆಧಾರವಾಗಿಟ್ಟುಕೊಂಡು ನಾರ್ವುಡ್ 1975ರಲ್ಲಿ ಪರಿಷ್ಕರಿಸಿದರು. ಅದಕ್ಕೂ ಮೊದಲು, 1942ರಲ್ಲಿ, ಪ್ರಾಯಕ್ಕೆ ಬರುವ ಮುನ್ನವೇ ವೃಷಣ ಕಳೆದುಕೊಂಡ ಗಂಡಸರಿಗೆ ಬೋಳು ಬರುವುದಿಲ್ಲವೆಂದೂ, ಮನೆತನದಲ್ಲಿ ಬೋಳುತನವಿರುವ ಅಂಥವರಿಗೆ ಟೆಸ್ಟೋಸ್ಟೆರೋನ್ ಕೊಟ್ಟರೆ ಬೋಳು ಶುರುವಾಗುತ್ತದೆಂದೂ ಹ್ಯಾಮಿಲ್ಟನ್ ತೋರಿಸಿದ್ದರು. ಅಂದರೆ ಬೇಕಾದದ್ದು ಎರಡು: ಆನುವಂಶಿಕ ಒಲವು ಮತ್ತು ಗಂಡು ಹಾರ್ಮೋನು.

ಬೆರೆಸಿದ ಔಷಧಗಳು ಕೆಲಸ ಮಾಡುವುದು ಈ ಎರಡನೆಯ ಬಗೆಯಲ್ಲಿ, ಅಂದರೆ ಬುಡ ಕುಗ್ಗುವ ಬೋಳುತನದಲ್ಲಿ, ಮಾತ್ರ. ಜ್ವರದ ನಂತರದ ಉದುರುವಿಕೆ, ಥೈರಾಯ್ಡ್ ಏರುಪೇರು, ಕಬ್ಬಿಣದಂಶದ ಕೊರತೆ, ದುಂಡಗೆ ತೇಪೆ ತೇಪೆಯಾಗಿ ಕೂದಲು ಹೋಗುವ ರೋಗ, ಚರ್ಮದಲ್ಲಿ ಕಲೆ ಉಳಿಸುವ ಉರಿಯೂತ ಇವೆಲ್ಲಕ್ಕೂ ಚಿಕಿತ್ಸೆ ಬೇರೆ. ಫೋಟೋ ನೋಡಿ ಚೀಟಿ ಬರೆಯುವ ಪದ್ಧತಿಯಲ್ಲಿ ತಪ್ಪಿಹೋಗುವ ಸಾಧ್ಯತೆ ಹೆಚ್ಚಾಗಿರುವುದು ಈ ಮೊದಲ ಹೆಜ್ಜೆಯಲ್ಲೇ, ಏಕೆಂದರೆ ಚರ್ಮವೈದ್ಯರು ಎದುರಿಗೆ ಕೂರಿಸಿಕೊಂಡು ಭೂತಗನ್ನಡಿಯಲ್ಲಿ ಕೂದಲಿನ ದಪ್ಪದ ವ್ಯತ್ಯಾಸವನ್ನು ನೋಡುವುದಕ್ಕೂ ಮೊಬೈಲಿನ ಚಿತ್ರಕ್ಕೂ ಅಂತರವಿದೆ.

ಮಿನಾಕ್ಸಿಡಿಲ್: ರಕ್ತದೊತ್ತಡದ ಗುಳಿಗೆಯಾಗಿದ್ದದ್ದು

ಇಂಥ ಹೆಚ್ಚಿನ ಬಾಟಲಿಗಳಲ್ಲಿ ಇರುವ ಮುಖ್ಯ ಅಂಶ ಮಿನಾಕ್ಸಿಡಿಲ್. ಅಪ್‌ಜಾನ್ ಕಂಪನಿ ಇದನ್ನು ತೀವ್ರ ರಕ್ತದೊತ್ತಡಕ್ಕೆ ನುಂಗುವ ಗುಳಿಗೆಯಾಗಿ 1979ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದಿತ್ತು. ಗುಳಿಗೆ ನುಂಗಿದವರ ಮೈ, ಮುಖಗಳ ಮೇಲೆಲ್ಲ ರೋಮ ಬೆಳೆಯುವುದು ಕಂಡುಬಂದು, ಆ ಅಡ್ಡಪರಿಣಾಮವೇ ಹೊಸ ಔಷಧವಾಯಿತು. ಶೇ 2ರ ದ್ರಾವಣಕ್ಕೆ 1988ರಲ್ಲಿ ಒಪ್ಪಿಗೆ ಸಿಕ್ಕಿತು. 1996ರಿಂದ ಅದು ಅಲ್ಲಿ ಚೀಟಿಯಿಲ್ಲದೆಯೂ ಸಿಗುತ್ತದೆ. ಮರುವರ್ಷ ಶೇ 5ರ ದ್ರಾವಣ ಬಂದಿತು.

ಬಾಟಲಿಯಲ್ಲಿರುವ ಮಿನಾಕ್ಸಿಡಿಲ್ ಇದ್ದ ಹಾಗೆಯೇ ಕೂದಲು ಬೆಳೆಸುವುದಿಲ್ಲ. ಕೂದಲಿನ ಬುಡದಲ್ಲಿರುವ ಸಲ್ಫೋಟ್ರಾನ್ಸ್‌ಫರೇಸ್ ಎಂಬ ಕಿಣ್ವ ಅದನ್ನು ಮಿನಾಕ್ಸಿಡಿಲ್ ಸಲ್ಫೇಟ್ ಆಗಿ ಬದಲಿಸಬೇಕು. ಹಾಲು ಎಷ್ಟೇ ಗಟ್ಟಿಯಾಗಿದ್ದರೂ ಹೆಪ್ಪು ಬೀಳದೆ ಮೊಸರಾಗುವುದಿಲ್ಲವಷ್ಟೆ. ಇಲ್ಲಿ ಹೆಪ್ಪಿನ ಕೆಲಸ ಆ ಕಿಣ್ವದ್ದು. ಕೆಲವರ ಬುಡಗಳಲ್ಲಿ ಅದು ಹೆಚ್ಚು, ಕೆಲವರಲ್ಲಿ ತೀರ ಕಡಿಮೆ. ಒಂದೇ ಬಾಟಲಿಯನ್ನು ಇಬ್ಬರು ಅಷ್ಟೇ ಶ್ರದ್ಧೆಯಿಂದ ಹಚ್ಚಿಕೊಂಡು ಒಬ್ಬರಿಗೆ ಫಲ ಸಿಕ್ಕಿ ಇನ್ನೊಬ್ಬರಿಗೆ ಸಿಗದಿರಲು ಇದೊಂದು ದೊಡ್ಡ ಕಾರಣ.

ಹೀಗೆ ಬದಲಾದ ಅಂಶ ಬುಡದ ಸುತ್ತಲಿನ ಜೀವಕೋಶಗಳ ಪೊಟ್ಯಾಸಿಯಂ ದ್ವಾರಗಳನ್ನು ತೆರೆಯುತ್ತದೆ, ವಿಶ್ರಾಂತಿಯಲ್ಲಿದ್ದ ಕೂದಲನ್ನು ಬೇಗ ಬೆಳವಣಿಗೆಯ ಹಂತಕ್ಕೆ ತರುತ್ತದೆ. ಹೊಸದು ಮೇಲೇಳುವಾಗ ಹಳೆಯದು ಬೀಳುವುದರಿಂದ ಮೊದಲ ಕೆಲವು ವಾರ ಉದುರುವುದು ಹೆಚ್ಚಾದಂತೆ ಕಾಣುತ್ತದೆ, ಎಷ್ಟೋ ಮಂದಿ ಬಾಟಲಿಯನ್ನು ಬದಿಗಿಡುವುದು ಆಗಲೇ. ಫಲ ಕಣ್ಣಿಗೆ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ನಿಲ್ಲಿಸಿದರೆ ಗಳಿಸಿದ್ದು ಕೆಲವೇ ತಿಂಗಳಲ್ಲಿ ಕರಗುತ್ತದೆ. ಹಾರ್ಮೋನಿನ ಮೇಲೆ ಮಿನಾಕ್ಸಿಡಿಲ್‌ಗೆ ಯಾವ ಹಿಡಿತವೂ ಇಲ್ಲ, ಬುಡ ಕುಗ್ಗುವ ಮೂಲ ಕಾರಣ ಹಾಗೆಯೇ ಉಳಿದಿರುತ್ತದೆ.

ಫಿನಾಸ್ಟರೈಡ್: ಕೆರಿಬಿಯನ್ ಹಳ್ಳಿಯೊಂದರ ಸುಳಿವು

ಆ ಮೂಲ ಕಾರಣಕ್ಕೆ ಕೈಹಾಕುವುದು ಫಿನಾಸ್ಟರೈಡ್. ದೇಹದಲ್ಲಿರುವ ಟೆಸ್ಟೋಸ್ಟೆರೋನಿನ ಒಂದು ಭಾಗವನ್ನು 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಇನ್ನೂ ಪ್ರಬಲವಾದ ಡಿಎಚ್‌ಟಿ ಎಂಬ ಹಾರ್ಮೋನಾಗಿ ಮಾರ್ಪಡಿಸುತ್ತದೆ. ಆನುವಂಶಿಕ ಒಲವಿರುವವರ ನೆತ್ತಿಯ ಬುಡಗಳನ್ನು ಕುಗ್ಗಿಸುವುದು ಈ ಡಿಎಚ್‌ಟಿ.

ಇದು ತಿಳಿದುಬಂದ ಬಗೆ ಕುತೂಹಲಕರವಾಗಿದೆ. ಡೊಮಿನಿಕನ್ ಗಣರಾಜ್ಯದ ಸಲಿನಾಸ್ ಎಂಬ ಹಳ್ಳಿಯಲ್ಲಿ ಕೆಲವು ಮಕ್ಕಳು ಹುಟ್ಟಿದಾಗ ಹೆಣ್ಣುಮಕ್ಕಳಂತೆ ಕಂಡು, ಹಾಗೆಯೇ ಬೆಳೆದು, ಪ್ರಾಯಕ್ಕೆ ಬಂದಾಗ ಗಂಡುಲಕ್ಷಣಗಳನ್ನು ಪಡೆಯುತ್ತಿದ್ದರು. ಅವರಲ್ಲಿ ಹುಟ್ಟಿನಿಂದಲೇ ಈ ಕಿಣ್ವದ ಕೊರತೆಯಿದೆ ಎಂದು ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದರು. ವಯಸ್ಸಾದ ಮೇಲೂ ಅವರ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗಿಯೇ ಇರುತ್ತಿತ್ತು, ಹಣೆಯ ಕೂದಲು ಹಿಂದೆ ಸರಿಯುತ್ತಿರಲಿಲ್ಲ. ಆ ಕಿಣ್ವವನ್ನು ಔಷಧದಿಂದ ತಡೆದರೆ ಹೇಗೆ ಎಂಬ ಪ್ರಶ್ನೆಯಿಂದ ಮರ್ಕ್ ಕಂಪನಿಯ ಫಿನಾಸ್ಟರೈಡ್ ಹುಟ್ಟಿತು: 1992ರಲ್ಲಿ ಪ್ರಾಸ್ಟೇಟ್ ಊತಕ್ಕೆ 5 ಮಿಲಿಗ್ರಾಂ ಗುಳಿಗೆ, 1997ರಲ್ಲಿ ಕೂದಲಿಗೆ 1 ಮಿಲಿಗ್ರಾಂ ಗುಳಿಗೆ.

ಗುಳಿಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ನುಂಗಿದ್ದು ನೆತ್ತಿಗಷ್ಟೇ ಹೋಗದೆ ಇಡೀ ದೇಹದ ಡಿಎಚ್‌ಟಿಯನ್ನು ಇಳಿಸುವುದರಿಂದ ಕೆಲವರಲ್ಲಿ ಲೈಂಗಿಕ ಮತ್ತು ಮಾನಸಿಕ ಅಡ್ಡಪರಿಣಾಮಗಳು ಕಾಣಿಸಿಕೊಂಡಿವೆ. ಯುರೋಪಿನ ಔಷಧ ಸುರಕ್ಷತಾ ಸಮಿತಿ 2025ರ ಮೇ ತಿಂಗಳಲ್ಲಿ ಆತ್ಮಹತ್ಯೆಯ ಆಲೋಚನೆಯನ್ನು ಫಿನಾಸ್ಟರೈಡ್ ಗುಳಿಗೆಗಳ ಅಡ್ಡಪರಿಣಾಮವೆಂದು ದೃಢಪಡಿಸಿತು. ಬೇಕಾದ ಜಾಗಕ್ಕೆ ಮಾತ್ರ ಹಚ್ಚಿದರೆ ಸಾಲದೇ ಎಂಬ ಯೋಚನೆ ಬಂದದ್ದು ಇಂಥ ಭಯದಿಂದಲೇ.

ಹಚ್ಚಿದರೆ ಚರ್ಮದಲ್ಲೇ ನಿಲ್ಲುತ್ತದೆಯೇ?

ಪೂರ್ತಿಯಾಗಿ ನಿಲ್ಲುವುದಿಲ್ಲ. ಫಿನಾಸ್ಟರೈಡನ್ನು ಸಿಂಪಡಿಸುವ ದ್ರಾವಣವೊಂದನ್ನು ಯುರೋಪಿನಲ್ಲಿ ದೊಡ್ಡ ಪ್ರಮಾಣದ ಪ್ರಯೋಗಕ್ಕೆ ಒಳಪಡಿಸಿ, ಅದರ ಫಲಿತಾಂಶವನ್ನು ಪ್ರಕಟಿಸಲಾಗಿದೆ. 24 ವಾರಗಳ ಕೊನೆಗೆ ಕೂದಲಿನ ಎಣಿಕೆ ಗುಳಿಗೆ ನುಂಗಿದವರಲ್ಲೂ ಸಿಂಪಡಿಸಿಕೊಂಡವರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟಿಗೆ ಏರಿತ್ತು. ರಕ್ತದಲ್ಲಿ ಸಿಕ್ಕ ಫಿನಾಸ್ಟರೈಡ್ ಗುಳಿಗೆಯವರಿಗಿಂತ ಸಿಂಪಡಣೆಯವರಲ್ಲಿ ನೂರು ಪಟ್ಟಿಗೂ ಮೀರಿ ಕಡಿಮೆಯಿತ್ತು. ಆದರೂ ಅವರ ರಕ್ತದ ಡಿಎಚ್‌ಟಿ ಸುಮಾರು ಶೇ 34.5ರಷ್ಟು ಇಳಿದಿತ್ತು, ಗುಳಿಗೆಯವರಲ್ಲಿ ಶೇ 55.6ರಷ್ಟು.

ಔಷಧ ನೂರು ಪಟ್ಟು ಕಡಿಮೆಯಾದರೆ ಪರಿಣಾಮವೂ ನೂರು ಪಟ್ಟು ಕಡಿಮೆಯಾಗಬೇಕಲ್ಲವೇ ಎಂದು ಅನ್ನಿಸುವುದು ಸಹಜ. ಹಾಗಾಗದಿರುವುದಕ್ಕೆ ಕಾರಣ, ಫಿನಾಸ್ಟರೈಡ್ ಆ ಕಿಣ್ವವನ್ನು ಒಮ್ಮೆ ಹಿಡಿದರೆ ಸುಲಭವಾಗಿ ಬಿಡುವುದಿಲ್ಲ. 1 ಮಿಲಿಗ್ರಾಂ ಬದಲು ಅದರ ಐದರಲ್ಲಿ ಒಂದು ಪಾಲು, ಅಂದರೆ 0.2 ಮಿಲಿಗ್ರಾಂ, ನುಂಗಿದರೂ ರಕ್ತದ ಡಿಎಚ್‌ಟಿ ಬಹುತೇಕ ಅಷ್ಟೇ ಇಳಿಯುತ್ತದೆ ಎಂಬುದು 1990ರ ದಶಕದ ಅಧ್ಯಯನಗಳಲ್ಲೇ ಕಂಡಿತ್ತು. ಚರ್ಮದ ಮೂಲಕ ನುಸುಳುವ ಅಲ್ಪ ಪ್ರಮಾಣವೂ ಲೆಕ್ಕಕ್ಕೆ ಬರುವುದು ಹೀಗೆ. ಹಚ್ಚುವುದರಿಂದ ದೇಹಕ್ಕೆ ತಲುಪುವುದು ಕಡಿಮೆ ಎಂಬುದು ನಿಜ. ಏನೂ ತಲುಪುವುದಿಲ್ಲ ಎಂಬುದು ನಿಜವಲ್ಲ.

ಶೇಕಡಾವನ್ನು ಮಿಲಿಗ್ರಾಂಗೆ ಇಳಿಸಿ ನೋಡಿದಾಗ

ಬಾಟಲಿಯ ಮೇಲೆ ಬರೆದಿರುವ ಶೇಕಡಾ ಅಂಕಿ ಚಿಕ್ಕದಾಗಿ ಕಾಣುತ್ತದೆ, ಅದರಿಂದ ಮೋಸಹೋಗುವವರೂ ಬಹಳ. ಶೇ 1 ಎಂದರೆ 100 ಮಿಲಿಲೀಟರ್ ದ್ರಾವಣದಲ್ಲಿ 1 ಗ್ರಾಂ ಔಷಧ, ಅಂದರೆ ಒಂದು ಮಿಲಿಲೀಟರ್‌ನಲ್ಲಿ 10 ಮಿಲಿಗ್ರಾಂ. ಈ ಒಂದು ಲೆಕ್ಕ ಗೊತ್ತಿದ್ದರೆ ಲೇಬಲ್ ಓದುವುದು ಕಷ್ಟವಲ್ಲ.

ಯುರೋಪಿನಲ್ಲಿ ಪರೀಕ್ಷೆಗೊಳಗಾದ ಸಿಂಪಡಣೆಯಲ್ಲಿ ಒಂದು ಮಿಲಿಲೀಟರ್‌ಗೆ 2.275 ಮಿಲಿಗ್ರಾಂ ಫಿನಾಸ್ಟರೈಡ್ ಇರುತ್ತದೆ. ಒಂದು ಒತ್ತಿಗೆ ಹೊರಬರುವುದು 50 ಮೈಕ್ರೋಲೀಟರ್. ದಿನಕ್ಕೆ ಹೆಚ್ಚೆಂದರೆ ನಾಲ್ಕು ಒತ್ತು. ಹಾಗಾಗಿ ಇಡೀ ದಿನಕ್ಕೆ ನೆತ್ತಿಗೆ ಬೀಳುವುದು ಅರ್ಧ ಮಿಲಿಗ್ರಾಂಗೂ ಕಡಿಮೆ. ಬೆರೆಸಿಕೊಡುವ ಬಾಟಲಿಗಳಲ್ಲಿ ಶೇ 0.3ರ ಫಿನಾಸ್ಟರೈಡ್ ಅಪರೂಪವಲ್ಲ. ಅದನ್ನು ಡ್ರಾಪರಿನ ಒಂದು ಮಿಲಿಲೀಟರ್ ಗೆರೆಯವರೆಗೆ ತುಂಬಿ ದಿನಕ್ಕೊಮ್ಮೆ ಹಚ್ಚಿದರೆ ನೆತ್ತಿಗೆ ಬೀಳುವುದು 3 ಮಿಲಿಗ್ರಾಂ: ಪರೀಕ್ಷೆಯಾದ ಗರಿಷ್ಠ ಪ್ರಮಾಣದ ಆರು ಪಟ್ಟಿಗೂ ಹೆಚ್ಚು. ಅಷ್ಟೂ ರಕ್ತಕ್ಕೆ ಹೋಗುವುದಿಲ್ಲ ಎಂಬುದು ಸರಿಯೇ. ಆದರೆ ಹಚ್ಚುವ ಪ್ರಮಾಣ ಏರಿದಂತೆ ರಕ್ತದ ಡಿಎಚ್‌ಟಿ ಇನ್ನಷ್ಟು ಇಳಿಯುತ್ತದೆ. ಪ್ರಯೋಗದ ಒಳ್ಳೆಯ ಫಲಿತಾಂಶವನ್ನು ತೋರಿಸಿ, ಪ್ರಯೋಗದಲ್ಲಿ ಇರದಿದ್ದ ಪ್ರಮಾಣವನ್ನು ಕೊಡುವುದು ಹೊಂದಿಕೆಯಾಗುವ ಮಾತಲ್ಲ.

ಮಿನಾಕ್ಸಿಡಿಲ್‌ನ ಲೆಕ್ಕ ಸ್ವಲ್ಪ ನೆಮ್ಮದಿಯದು. ಶೇ 5ರ ದ್ರಾವಣವನ್ನು ದಿನಕ್ಕೆರಡು ಸಲ ಒಂದೊಂದು ಮಿಲಿಲೀಟರ್ ಹಚ್ಚಿದರೆ ನೆತ್ತಿಗೆ 100 ಮಿಲಿಗ್ರಾಂ ಬೀಳುತ್ತದೆ; ಆರೋಗ್ಯವಂತ ಚರ್ಮ ಅದರಲ್ಲಿ ಸರಾಸರಿ ಶೇ 1.4ರಷ್ಟನ್ನು ಮಾತ್ರ ಹೀರಿಕೊಳ್ಳುತ್ತದೆ. ಚರ್ಮ ಕೆರೆದು ಹುಣ್ಣಾಗಿದ್ದರೆ ಈ ಲೆಕ್ಕ ತಪ್ಪುತ್ತದೆ. ತಲೆಸುತ್ತು, ಎದೆಬಡಿತ ಏರುವುದು, ಕಾಲು ಊದುವುದು ಕಂಡರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

‘ನಿಮಗಾಗಿಯೇ’ ಬೆರೆಸುವುದು ಎಂದರೇನು

ನಮ್ಮ ಊರುಗಳ ದವಾಖಾನೆಗಳಲ್ಲಿ ಕೆಲವು ದಶಕಗಳ ಹಿಂದಿನವರೆಗೂ ಡಾಕ್ಟರು ಬರೆದ ಚೀಟಿಯಂತೆ ಕಂಪೌಂಡರ್ ಒಳಗಿನ ಕೋಣೆಯಲ್ಲಿ ಮಿಕ್ಸ್ಚರ್ ಕಲಸಿ, ಹೊತ್ತಿಗೆಷ್ಟು ಕುಡಿಯಬೇಕೆಂದು ತೋರಿಸಲು ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಬಾಟಲಿಯ ಪಕ್ಕೆಗೆ ಅಂಟಿಸಿಕೊಡುತ್ತಿದ್ದರು. ಅಮೆರಿಕದ ಕಾಂಪೌಂಡಿಂಗ್ ಫಾರ್ಮಸಿಗಳು ಮಾಡುವುದು ಮೂಲತಃ ಅದೇ ಕೆಲಸ, ಹೊಸ ಸಲಕರಣೆಗಳೊಂದಿಗೆ.

ಹೊಂದಿಸಿಕೊಳ್ಳಲು ಸಾಧ್ಯವಿರುವುದು ಮುಖ್ಯವಾಗಿ ಅಂಶಗಳ ಆಯ್ಕೆ, ಅವುಗಳ ಪ್ರಮಾಣ ಮತ್ತು ಅವನ್ನು ಕರಗಿಸುವ ದ್ರವ. ಇವುಗಳಲ್ಲಿ ಕರಗಿಸುವ ದ್ರವದ ವಿಚಾರಕ್ಕೆ ಅತ್ಯಂತ ಗಟ್ಟಿಯಾದ ಕಾರಣವಿದೆ. ಅಂಗಡಿಯಲ್ಲಿ ಸಿಗುವ ಮಿನಾಕ್ಸಿಡಿಲ್ ದ್ರಾವಣಗಳಲ್ಲಿ ಸಾಮಾನ್ಯವಾಗಿ ಇರುವ ಪ್ರೊಪಿಲೀನ್ ಗ್ಲೈಕಾಲ್ ಕೆಲವರ ನೆತ್ತಿಗೆ ಒಗ್ಗದೆ ನವೆ, ಉರಿ, ಹೊಟ್ಟಿನಂಥ ಸಿಪ್ಪೆ ಬರಿಸುತ್ತದೆ. ಅಂಥವರಿಗೆ ಗ್ಲಿಸರಿನ್ ಆಧಾರದ ದ್ರವದಲ್ಲಿ ಬೆರೆಸಿಕೊಟ್ಟರೆ ಚಿಕಿತ್ಸೆ ಮುಂದುವರಿಸಲು ಆಗುತ್ತದೆ. ಗುಳಿಗೆ ಬೇಡವೆನ್ನುವವರಿಗೆ ಎರಡು ಔಷಧಗಳನ್ನು ಒಂದೇ ಬಾಟಲಿಯಲ್ಲಿ ಕೊಡುವುದೂ ಅರ್ಥವಿರುವ ಹೊಂದಾಣಿಕೆಯೇ, ಏಕೆಂದರೆ ದಿನಕ್ಕೆ ಎರಡೆರಡು ಬಾಟಲಿ ತೆರೆಯುವ ತಾಳ್ಮೆ ವರ್ಷಗಟ್ಟಲೆ ಉಳಿಯುವುದು ಕಷ್ಟ.

ಸೇರುವ ಉಳಿದ ಅಂಶಗಳಲ್ಲಿ ಟ್ರೆಟಿನೊಯಿನ್ ಮುಖ್ಯವಾದದ್ದು. ಮೊಡವೆಗೆ ಹಚ್ಚುವ ಈ ಔಷಧ ಮಿನಾಕ್ಸಿಡಿಲನ್ನು ಬದಲಿಸುವ ಕಿಣ್ವವನ್ನು ಹೆಚ್ಚಿಸಬಲ್ಲದು. ಜೊತೆಗೆ ಚರ್ಮದ ಮೇಲ್ಪದರವನ್ನು ತೆಳುಮಾಡಿ ಒಳಗೆ ಹೀರಿಕೆಯನ್ನೂ ಹೆಚ್ಚಿಸುತ್ತದೆ, ಅಂದರೆ ಬಾಟಲಿಯಲ್ಲಿರುವ ಮತ್ತೊಂದು ಔಷಧಕ್ಕೂ ಬಾಗಿಲು ತೆರೆದಂತಾಗುತ್ತದೆ. ಹೊಟ್ಟಿಗೆ ಬಳಸುವ ಕೀಟೊಕೊನಜೋಲ್, ಉರಿ ತಗ್ಗಿಸಲು ಹೈಡ್ರೊಕಾರ್ಟಿಸೋನ್, ಕೆಫೀನ್, ಮೆಲಟೋನಿನ್ ಮೊದಲಾದವನ್ನೂ ಸೇರಿಸುತ್ತಾರೆ. ಇವುಗಳಿಗಿರುವ ಆಧಾರ ಮೊದಲ ಎರಡು ಔಷಧಗಳಷ್ಟು ಬಲವಾಗಿಲ್ಲ. ಫಿನಾಸ್ಟರೈಡ್ ಬದಲು ಡ್ಯುಟಾಸ್ಟರೈಡ್ ಹಾಕುವವರೂ ಇದ್ದಾರೆ. ಅದು ಇನ್ನೂ ಪ್ರಬಲ, ದೇಹದಿಂದ ಹೊರಹೋಗಲು ತಿಂಗಳುಗಳೇ ಬೇಕು. ಪಟ್ಟಿ ಉದ್ದವಾದಷ್ಟೂ ಔಷಧ ಉತ್ತಮ ಎಂದೇನಿಲ್ಲ. ನವೆ ಶುರುವಾದರೆ ಐದು ಅಂಶಗಳಲ್ಲಿ ಯಾವುದು ಕಾರಣ ಎಂದು ಪತ್ತೆಹಚ್ಚುವುದೇ ಕಷ್ಟವಾಗುತ್ತದೆ.

ಕಾನೂನು ಏನು ಹೇಳುತ್ತದೆ

ಕಾರ್ಖಾನೆಯ ಔಷಧವೊಂದು ಮಾರುಕಟ್ಟೆಗೆ ಬರುವ ಮುನ್ನ ಅದರ ಸುರಕ್ಷತೆ ಮತ್ತು ಪರಿಣಾಮವನ್ನು ಎಫ್‌ಡಿಎ ಪರಿಶೀಲಿಸುತ್ತದೆ. ರೋಗಿಯೊಬ್ಬರ ಹೆಸರಿನ ಚೀಟಿಗೆ ಬೆರೆಸಿಕೊಡುವ ಔಷಧಕ್ಕೆ ಈ ಪೂರ್ವಪರಿಶೀಲನೆ ಇಲ್ಲ. ಅಮೆರಿಕದ ಆಹಾರ ಮತ್ತು ಔಷಧ ಕಾಯಿದೆಯ 503ಎ ವಿಧಿ ಅಂಥ ಫಾರ್ಮಸಿಗಳಿಗೆ ವಿನಾಯಿತಿ ಕೊಡುತ್ತದೆ, ಅವುಗಳ ಮೇಲ್ವಿಚಾರಣೆ ಬಹುಮಟ್ಟಿಗೆ ಆಯಾ ರಾಜ್ಯದ ಫಾರ್ಮಸಿ ಮಂಡಳಿಯದು. ಈಗಾಗಲೇ ಮಾರುಕಟ್ಟೆಯಲ್ಲಿರುವ ಔಷಧದ ನಕಲನ್ನೇ ದೊಡ್ಡ ಪ್ರಮಾಣದಲ್ಲಿ ತಯಾರಿಸುವಂತಿಲ್ಲ ಎಂಬ ಮಿತಿಯಿದೆ. ಈ ಎಚ್ಚರಿಕೆ ಹೊರಬಿದ್ದಾಗ ಹಚ್ಚುವ ರೂಪದ ಫಿನಾಸ್ಟರೈಡ್ ಯಾವುದಕ್ಕೂ ಎಫ್‌ಡಿಎ ಒಪ್ಪಿಗೆ ಇರಲಿಲ್ಲ. ಇಂಥ ಫಾರ್ಮಸಿಗಳು ಅಡ್ಡಪರಿಣಾಮಗಳನ್ನು ಎಫ್‌ಡಿಎಗೆ ವರದಿ ಮಾಡಲೇಬೇಕೆಂಬ ಕಡ್ಡಾಯವಿಲ್ಲದ ಕಾರಣ, 32 ಎಂಬ ಸಂಖ್ಯೆಯಿಂದ ತೊಂದರೆಯ ನಿಜವಾದ ಗಾತ್ರವನ್ನು ಊಹಿಸಲಾಗದು. ಆ ವರದಿಗಳಷ್ಟರಿಂದಲೇ ಔಷಧವೇ ಕಾರಣವೆಂದು ಸಾಬೀತಾಗುವುದೂ ಇಲ್ಲ.

ಬೆರೆಸುವ ಕೆಲಸದಲ್ಲಿ ಕೈತಪ್ಪಿದರೆ ಏನಾಗಬಹುದೆಂಬುದಕ್ಕೆ ಸ್ಪೇನ್ ದೇಶದ ಉದಾಹರಣೆಯಿದೆ. 2019ರಲ್ಲಿ ಅಲ್ಲಿ ಹತ್ತಕ್ಕೂ ಹೆಚ್ಚು ಶಿಶುಗಳ ಮೈತುಂಬ ರೋಮ ಬೆಳೆಯಿತು. ಎಳೆಯ ಮಕ್ಕಳ ಹೊಟ್ಟೆಯ ಆಮ್ಲಕ್ಕೆ ಕೊಡುವ ಒಮೆಪ್ರಜೋಲ್ ಸಿರಪ್ಪನ್ನು ಫಾರ್ಮಸಿಗಳು ಬೆರೆಸಿಕೊಟ್ಟಿದ್ದವು. ಅವಕ್ಕೆ ಸರಬರಾಜಾಗಿದ್ದ, ಒಮೆಪ್ರಜೋಲ್ ಎಂದು ಹೆಸರು ಬರೆದಿದ್ದ ಪುಡಿಯಲ್ಲಿ ಇದ್ದದ್ದು ಮಿನಾಕ್ಸಿಡಿಲ್!

ಭಾರತದ ಬಾಟಲಿಗಳು

ನಮ್ಮಲ್ಲಿ ಚಿತ್ರ ಸ್ವಲ್ಪ ಬೇರೆ. ಶೇ 5ರ ಮಿನಾಕ್ಸಿಡಿಲ್ ಮತ್ತು ಶೇ 0.1ರ ಫಿನಾಸ್ಟರೈಡ್ ಸೇರಿಸಿದ ಸಿದ್ಧ ದ್ರಾವಣಗಳನ್ನು ಹಲವು ಕಂಪನಿಗಳು ತಯಾರಿಸುತ್ತವೆ. ಅವುಗಳಲ್ಲಿ ಪ್ರಮಾಣ ನಿಗದಿಯಾಗಿರುತ್ತದೆ; ಒಂದು ಮಿಲಿಲೀಟರ್‌ಗೆ ಫಿನಾಸ್ಟರೈಡ್ 1 ಮಿಲಿಗ್ರಾಂ. ಫಿನಾಸ್ಟರೈಡ್ ಔಷಧ ನಿಯಮಗಳ ಎಚ್ ಅನುಸೂಚಿಯಲ್ಲಿದೆ, ಆದ್ದರಿಂದ ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ. ಕೌಂಟರಿನಲ್ಲಿ ಹೆಸರು ಹೇಳಿದರೆ ಕೊಟ್ಟುಬಿಡುವ ರೂಢಿ ಇರುವುದು ಎಲ್ಲರಿಗೂ ಗೊತ್ತಿರುವ ವಿಷಯ, ಆದರೆ ಹಾಗೆ ಕೊಂಡಾಗ ಕೇಳಬೇಕಾದ ಪ್ರಶ್ನೆಗಳನ್ನು ಕೇಳುವವರು ಯಾರೂ ಇರುವುದಿಲ್ಲ. ಅಮೆರಿಕದಿಂದ ಬಾಟಲಿ ತಂದುಕೊಂಡವರು ಇಲ್ಲಿ ಚಿಕಿತ್ಸೆ ಮುಂದುವರಿಸುವುದಾದರೆ, ಪ್ರತಿ ಅಂಶದ ಶೇಕಡಾ ಇರುವ ಲೇಬಲನ್ನೇ ವೈದ್ಯರಿಗೆ ತೋರಿಸುವುದು ಲೇಸು. ಕಂಪನಿಯ ಹೆಸರು ಹೇಳಿದರೆ ಪ್ರಮಾಣ ತಿಳಿಯುವುದಿಲ್ಲ.

ಹಚ್ಚುವ ಕ್ರಮದ ಬಗ್ಗೆಯೂ ಒಂದು ಮಾತು. ತಲೆಗೆ ಹಚ್ಚುವುದೆಂದರೆ ಅಂಗೈತುಂಬ ಕೊಬ್ಬರಿ ಎಣ್ಣೆ ಸುರಿದು ತಿಕ್ಕುವುದು ನಮ್ಮ ಅಭ್ಯಾಸ. ಈ ದ್ರಾವಣವನ್ನು ಹಾಗೆ ಬಳಸಬಾರದು. ಒಣಗಿದ ನೆತ್ತಿಯ ಮೇಲೆ, ಕೂದಲು ಸರಿಸಿ, ಅಳೆದಷ್ಟನ್ನೇ ಹಚ್ಚಿ, ಕೈಯನ್ನು ಸೋಪಿನಿಂದ ತೊಳೆದು, ಒಣಗುವವರೆಗೆ ದಿಂಬಿಗೆ ತಲೆ ಇಡದಿರಬೇಕು.

ಮನೆಯಲ್ಲಿರುವ ಉಳಿದವರು

ಒಣಗುವವರೆಗೆ ಎಂಬುದು ದಿಂಬಿನ ಗವುಸಿನ ಚಿಂತೆಗಾಗಿ ಹೇಳಿದ್ದಲ್ಲ. ಗರ್ಭಿಣಿಯ ದೇಹಕ್ಕೆ ಫಿನಾಸ್ಟರೈಡ್ ಸೇರಿದರೆ ಗಂಡು ಭ್ರೂಣದ ಜನನಾಂಗದ ಬೆಳವಣಿಗೆ ಕೆಡಬಹುದು. ಪುಡಿಯಾದ ಗುಳಿಗೆಯನ್ನೂ ಗರ್ಭಿಣಿಯರು ಮುಟ್ಟಬಾರದೆಂಬ ಸೂಚನೆ ಇರುವುದು ಇದಕ್ಕೇ. ದ್ರಾವಣ ಅಂಗೈಯಿಂದ, ಟವೆಲಿನಿಂದ, ಹಾಸಿಗೆಯಿಂದ ಇನ್ನೊಬ್ಬರ ಚರ್ಮಕ್ಕೆ ದಾಟಬಲ್ಲದು, ಎಫ್‌ಡಿಎ ತನ್ನ ಎಚ್ಚರಿಕೆಯಲ್ಲಿ ಇದನ್ನೂ ಹೇಳಿದೆ. ಹೆಂಡತಿ ಗರ್ಭಿಣಿಯಾಗಿದ್ದರೆ ಅಥವಾ ಮಗುವಿನ ಯೋಚನೆಯಲ್ಲಿದ್ದರೆ ಅದನ್ನು ಚೀಟಿ ಬರೆಸುವಾಗಲೇ ತಿಳಿಸಬೇಕು. ಮಿನಾಕ್ಸಿಡಿಲ್ ಹಚ್ಚಿಕೊಂಡ ತಂದೆ ಎತ್ತಿ ಆಡಿಸಿದ ಶಿಶುಗಳಲ್ಲಿ ರೋಮ ಹೆಚ್ಚಿದ ಪ್ರಸಂಗಗಳು ಯುರೋಪಿನಲ್ಲಿ ವರದಿಯಾಗಿವೆ. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಹೆಚ್ಚು ಜಾಗ್ರತೆ ಬೇಕು: ಅದು ನೆಕ್ಕಿದ ಅಲ್ಪ ಮಿನಾಕ್ಸಿಡಿಲ್ ಕೂಡ ಪ್ರಾಣಕ್ಕೆ ಎರವಾಗಬಲ್ಲದು.

ಬೇರೆ ವೈದ್ಯರಿಗೂ ಹೇಳಬೇಕಾದದ್ದು

ತಲೆಗೆ ಹಚ್ಚುವುದನ್ನು ಔಷಧವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಾಗಾಗಿ ‘ಬೇರೆ ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ’ ಎಂದು ವೈದ್ಯರು ಕೇಳಿದಾಗ ಇದು ಬಾಯಿಗೆ ಬರುವುದಿಲ್ಲ. ಹೇಳಬೇಕಾದ ಸಂದರ್ಭಗಳಿವೆ. ಹಿಂದೆ ಖಿನ್ನತೆ ಕಾಡಿದ್ದರೆ, ಹೃದಯದ ತೊಂದರೆ ಇದ್ದರೆ, ರಕ್ತದೊತ್ತಡದ ಗುಳಿಗೆ ನಡೆಯುತ್ತಿದ್ದರೆ ಚಿಕಿತ್ಸೆ ಆರಂಭಿಸುವ ಮೊದಲೇ ಹೇಳಬೇಕು. ಮನಸ್ಸು ಕುಗ್ಗಿದಂತೆ, ಬೇಡದ ಆಲೋಚನೆಗಳು ಬರುವಂತೆ ಆದರೆ ಔಷಧ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕು. ಅಮೆರಿಕದಲ್ಲಿ ಫಿನಾಸ್ಟರೈಡ್ ನುಂಗುವವರು ನಿಲ್ಲಿಸಿ ಒಂದು ತಿಂಗಳು, ಡ್ಯುಟಾಸ್ಟರೈಡ್ ನುಂಗುವವರು ಆರು ತಿಂಗಳು ಕಳೆಯುವವರೆಗೆ ರಕ್ತದಾನ ಮಾಡುವಂತಿಲ್ಲ, ಏಕೆಂದರೆ ಆ ರಕ್ತ ಗರ್ಭಿಣಿಯೊಬ್ಬರಿಗೆ ಹೋಗಬಹುದು. ಹಚ್ಚಿಕೊಳ್ಳುವವರೂ ರಕ್ತನಿಧಿಯಲ್ಲಿ ಈ ಮಾತು ತಿಳಿಸುವುದು ಉಚಿತ. ಐವತ್ತು ದಾಟಿದವರು ನೆನಪಿಡಬೇಕಾದದ್ದು ಪಿಎಸ್‌ಎ ಎಂಬ ರಕ್ತಪರೀಕ್ಷೆ. ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗಾಗಿ ಮಾಡುವ ಈ ಪರೀಕ್ಷೆಯ ಅಂಕಿಯನ್ನು ಫಿನಾಸ್ಟರೈಡ್ ಗುಳಿಗೆ ಸುಮಾರು ಅರ್ಧಕ್ಕೆ ಇಳಿಸುತ್ತದೆ. ಅದು ತಿಳಿಯದ ವೈದ್ಯರು 3 ಎಂಬ ಅಂಕಿಯನ್ನು ನೋಡಿ ಸಮಾಧಾನಪಟ್ಟರೆ, ನಿಜವಾಗಿ ಅವರು ನೋಡಬೇಕಾಗಿದ್ದದ್ದು 6ನ್ನು.